ತತ್ತಿ ಆಗಿಬರದ ಮಗುವಿಗೆ ಸೂಜಿ ಹಾಕಿಸಬಹುದೇ?

"ನಮ್ಮ ಹುಡುಗಗ ತತ್ತಿ ಆಗಿಬರಂಗಿಲ್ರಿ, ಸೂಜಿ ಮಾಡ್ಸೂದು ಬ್ಯಾಡ." ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಅಂಗನವಾಡಿಗಳಲ್ಲಿ ಲಸಿಕೆ ದಿನ ಇಂಥ ಮಾತು ಕಿವಿಗೆ ಬಿದ್ದರೆ ಅಚ್ಚರಿಯಿಲ್ಲ. ನೀವೂ ಹೀಗೇ ಅಂದುಕೊಂಡಿದ್ದೀರಾ? ಹಾಗಾದರೆ ಮೊದಲು 'ಆಗಿಬರಲ್ಲ' ಅಂದರೆ ಏನು ಅಂತ ನೋಡೋಣ.

ಒಗ್ಗದಿರುವುದು: ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು ಕುಡಿದ ಮಗುವಿಗೆ ಹೊಟ್ಟೆ ಉಬ್ಬರ, ಗುಡುಗುಡು, ಭೇದಿ ಆಗುತ್ತದೆಯೇ? ಹಾಲಿನ ಸಕ್ಕರೆ ಅರಗಿಸುವ ಕಿಣ್ವ ಕಡಿಮೆ ಇರಬಹುದು. ಸ್ವಲ್ಪ ಕುಡಿದರೆ ತೊಂದರೆಯಿಲ್ಲ, ಹೆಚ್ಚಾದರೆ ಕಷ್ಟ. ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತವೆ. ಇದು ಜೀವಕ್ಕೆ ಅಪಾಯವಲ್ಲ.

ಅಲರ್ಜಿ: ಇದು ದೇಹದ ರೋಗನಿರೋಧಕ ಶಕ್ತಿ ತಪ್ಪಾಗಿ ತಿರುಗಿ ಬೀಳುವುದು. ಮೊಟ್ಟೆ, ಹಾಲು, ಶೇಂಗಾ ಒಂದು ಚೂರು ಸಾಕು. ಕೆಲವೇ ನಿಮಿಷದಿಂದ ಎರಡು ತಾಸಿನೊಳಗೆ ಮೈಮೇಲೆ ದದ್ದು, ತುಟಿ ಬಾವು, ವಾಂತಿ ಬರುತ್ತದೆ. ಉಸಿರಾಟ ಕಷ್ಟವಾದರೆ, ಮಗು ಸುಸ್ತಾಗಿ ಬಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ. ಅಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಕೊಡುತ್ತಾರೆ. 2021ರ ಡಿಸೆಂಬರ್‌ನಲ್ಲಿ ರಾಯಚೂರು ಜಿಲ್ಲೆಯ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುವಾಯಿತು. ಅಲರ್ಜಿ ಇದ್ದರೆ ಟೀಚರಿಗೆ ಮೊದಲೇ ಹೇಳಿಡಿ.

ಹಾಗಾದರೆ ಲಸಿಕೆ? ಹಾಲು ಒಗ್ಗದಿರುವುದಕ್ಕೂ ಲಸಿಕೆಗೂ ಸಂಬಂಧವೇ ಇಲ್ಲ. ಮೊಟ್ಟೆ ಅಲರ್ಜಿ ಇದ್ದರೂ 9 ತಿಂಗಳಿಗೆ ಮತ್ತು 16ರಿಂದ 24 ತಿಂಗಳೊಳಗೆ ಹಾಕುವ ದಡಾರ-ರುಬೆಲ್ಲಾ ಲಸಿಕೆ ಹಾಕಿಸಬಹುದು. ಕೆಲವು ತಯಾರಕರು ದಡಾರದ ಲಸಿಕೆಯನ್ನು ಕೋಳಿಭ್ರೂಣದ ಕೋಶಗಳಲ್ಲಿ ಬೆಳೆಸುತ್ತಾರೆ. ಆದರೂ ಅದರಲ್ಲಿ ಮೊಟ್ಟೆಯ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಲಸಿಕೆಯಿಂದ ತೀವ್ರ ಅಲರ್ಜಿ ಆಗುವುದು ಸುಮಾರು 10 ಲಕ್ಷ ಡೋಸಿಗೆ ಒಂದರಷ್ಟು ಮಾತ್ರ. ದಡಾರ ಬಂದರೆ ನ್ಯುಮೋನಿಯಾ, ಮಿದುಳಿನ ಬಾವು ಆಗಬಹುದು, ಜೀವವೂ ಹೋಗಬಹುದು. ಯಾವುದು ದೊಡ್ಡ ಭಯ, ನೀವೇ ಹೇಳಿ.

ಇಷ್ಟು ನೆನಪಿಡಿ:

* ಹಿಂದಿನ ಡೋಸಿಗೆ ಉಸಿರುಗಟ್ಟಿದ್ದರೆ, ಅಥವಾ ಜೆಲಾಟಿನ್, ನಿಯೋಮೈಸಿನ್‌ಗೆ ತೀವ್ರ ಅಲರ್ಜಿ ಇದ್ದರೆ ಸೂಜಿಗೆ ಮುಂಚೆ ವೈದ್ಯರಿಗೆ ಹೇಳಿ.
* ಸೂಜಿಯಾದ ಮೇಲೆ ಅರ್ಧ ತಾಸು ಅಲ್ಲೇ ಕುಳಿತಿರಿ. ಹೊಲದ ಕೆಲಸ ಅಷ್ಟು ಹೊತ್ತು ಕಾಯಲಿ.
* ಒಂದೆರಡು ವಾರದೊಳಗೆ ಸಣ್ಣ ಜ್ವರ, ತೆಳು ದದ್ದು ಬಂದರೆ ಅದು ಅಲರ್ಜಿಯಲ್ಲ, ತಾನಾಗಿ ಇಳಿಯುತ್ತದೆ.
* ಯಾವ ಆಹಾರ, ಎಷ್ಟು ಹೊತ್ತಿಗೆ ಏನಾಯಿತು ಎಂದು ತಾಯಿ ಕಾರ್ಡಿನಲ್ಲಿ ಬರೆದಿಡಿ.

ತತ್ತಿ ಬಿಟ್ಟರೆ ಬೇರೆ ಆಹಾರ ಇದೆ. ದಡಾರ ತಡೆಯಲು ಮಾತ್ರ ಲಸಿಕೆ ಬಿಟ್ಟರೆ ಬೇರೆ ದಾರಿಯಿಲ್ಲ.