ಹಿತ್ತಲಿನ ಟೊಮೇಟೊ ಮತ್ತು ಅದರ ಪೋಷಣೆ

ಟೊಮೇಟೊ ಇಲ್ಲದ ಅಡಿಗೆಮನೆಯು ಈಗ ಕಾಣಸಿಗುವುದು ದುರ್ಲಭ. ಸಾರು, ಗೊಜ್ಜು, ಚಟ್ನಿ, ಪಲ್ಯಗಳಿಗೆಲ್ಲ ಈ ಹಣ್ಣು ಬೇಕೇ ಬೇಕು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಸೀಮೆಯಲ್ಲಿ ಹುಟ್ಟಿದ ಈ ಗಿಡವು ಹದಿನಾರನೆಯ ಶತಮಾನದಲ್ಲಿ ಯುರೋಪನ್ನು ಸೇರಿ, ಅನಂತರ ಕಡಲದಾರಿಯಿಂದ ಭಾರತಕ್ಕೆ ಬಂದಿತು. ಬದನೆ, ಮೆಣಸಿನಕಾಯಿ, ಆಲೂಗೆಡ್ಡೆ, ಹೊಗೆಸೊಪ್ಪುಗಳು ಇದರ ದಾಯಾದಿಗಳು. ಈ ನೆಂಟಸ್ತನವನ್ನು ಒಕ್ಕಲಿಗನು ಏತಕ್ಕೆ ನೆನಪಿಡಬೇಕೆಂಬುದು ಮುಂದೆ ತಿಳಿದುಬರುವುದು.

ಕೋಲಾರದ ಮಾರುಕಟ್ಟೆಯಿಂದ ದೂರದೂರದ ಪ್ರಾಂತಗಳಿಗೆ ಟೊಮೇಟೊ ಹೋಗುವುದು ಎಲ್ಲರೂ ಬಲ್ಲ ಸಂಗತಿ. ಆದರೂ 2023ನೆಯ ಜುಲೈ ತಿಂಗಳಲ್ಲಿ ಕಿಲೋ ಒಂದಕ್ಕೆ ನೂರು ರೂಪಾಯಿಗಳಿಗೂ ಮೀರಿ ಬೆಲೆ ಏರಿದಾಗ, ಬೆಳೆಯುವ ಸೀಮೆಯ ಮನೆಗಳಲ್ಲಿಯೂ ಹುಣಿಸೆಹಣ್ಣಿನಿಂದಲೇ ಸಾರು ಮಾಡಬೇಕಾಯಿತು. ಬೆಲೆ ಬಿದ್ದ ಕಾಲದಲ್ಲಿ ಇದೇ ಹಣ್ಣನ್ನು ರಸ್ತೆಯ ಬದಿಗೆ ಸುರಿದುದೂ ಉಂಟು. ಹಿತ್ತಲಿನಲ್ಲಿ ಹತ್ತು ಗಿಡಗಳನ್ನು ಕ್ರಮವಾಗಿ ಸಾಕಿದ ಸಂಸಾರಕ್ಕೆ ಈ ಏರಿಳಿತದ ಬಾಧೆ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಹಲವು ಹಿತ್ತಲುಗಳಲ್ಲಿ ಗಿಡವು ಆಳೆತ್ತರ ಬೆಳೆದರೂ ಕಾಯಿ ಕಚ್ಚುವುದಿಲ್ಲ; ಕಚ್ಚಿದ ಕಾಯಿಯ ತಳವು ಕಪ್ಪಾಗಿ ಕೊಳೆಯುತ್ತದೆ. ಇದಕ್ಕೆ ಗೊಬ್ಬರದ ಕೊರತೆಯೇ ಕಾರಣವೆಂದು ತಿಳಿದು ಮತ್ತಷ್ಟು ಗೊಬ್ಬರ ಹಾಕುವುದು ವಾಡಿಕೆ. ಇದು ಸರಿಯಲ್ಲ. ಟೊಮೇಟೊ ಗಿಡಕ್ಕೆ ಆಹಾರವು ಎಷ್ಟು ಮುಖ್ಯವೋ ಅದನ್ನು ಕೊಡುವ ಕಾಲವೂ ಅಷ್ಟೇ ಮುಖ್ಯ.

ಸಸಿ ಮತ್ತು ನಾಟಿ

ಜೂನ್-ಜುಲೈ, ಅಕ್ಟೋಬರ್-ನವೆಂಬರ್, ಜನವರಿ-ಫೆಬ್ರವರಿ, ಈ ಮೂರು ಕಾಲಗಳಲ್ಲಿಯೂ ಬೀಜ ಬಿತ್ತಬಹುದು. ಮನೆಯ ಮಟ್ಟಿಗೆ ಅಕ್ಟೋಬರ್ ತಿಂಗಳ ಬಿತ್ತನೆಯೇ ಮೇಲು. ಮಳೆಯ ರೋಗಗಳೂ ಬೇಸಗೆಯ ಝಳವೂ ಆಗ ಕಡಿಮೆ. ಹಗಲಿನ ಸೆಕೆಯು 35 ಡಿಗ್ರಿಯನ್ನು ಮೀರಿದರೆ ಹೂವು ಉದುರಿಹೋಗುತ್ತದೆ. ಆ ಕಾಲದಲ್ಲಿ ಯಾವ ಗೊಬ್ಬರವನ್ನು ಹಾಕಿದರೂ ಪ್ರಯೋಜನವಿಲ್ಲ.

ಬೀಜವನ್ನು ಕಾಲು ಅಂಗುಲ ಆಳಕ್ಕೆ ಮೀರದಂತೆ ಸಸಿಮಡಿಯಲ್ಲಿ ಸಾಲಾಗಿ ಬಿತ್ತತಕ್ಕುದು. 25ರಿಂದ 30 ದಿನಗಳಲ್ಲಿ ಸಸಿಗಳು ನಾಟಿಗೆ ಸಿದ್ಧವಾಗುತ್ತವೆ. ನಾಟಿಯ ಸ್ಥಳದಲ್ಲಿ ದಿನಕ್ಕೆ ಆರು ಗಂಟೆಗಳಿಗೆ ಕಡಿಮೆಯಿಲ್ಲದೆ ಬಿಸಿಲು ಬೀಳುತ್ತಿರಬೇಕು. ಸಾಲಿನಿಂದ ಸಾಲಿಗೆ ಮೂರಡಿ, ಗಿಡದಿಂದ ಗಿಡಕ್ಕೆ ಎರಡಡಿ ಅಂತರವಿಟ್ಟು, ಸಂಜೆಯ ಹೊತ್ತು ಸಸಿಗಳನ್ನು ನೆಡುವುದು ಒಳ್ಳೆಯದು. ಈ ಗಿಡದ ಕಾಂಡವು ಮಣ್ಣಿನೊಳಗೆ ಹುದುಗಿದ ಕಡೆಯಲ್ಲೆಲ್ಲ ಬೇರು ಬಿಡುತ್ತದೆ. ಆದುದರಿಂದ ಕೆಳಗಿನ ಒಂದೆರಡು ಎಲೆಗಳನ್ನು ಕಿತ್ತು, ಸಸಿಯನ್ನು ಮಡಿಯಲ್ಲಿದ್ದುದಕ್ಕಿಂತ ಎರಡಂಗುಲ ಆಳವಾಗಿ ನೆಟ್ಟರೆ ಗಿಡವು ಭದ್ರವಾಗುತ್ತದೆ. ನೆಟ್ಟ ದಿನವೇ ಪಕ್ಕದಲ್ಲಿ ಆಸರೆಯ ಕೋಲನ್ನು ಊರಬೇಕು. ತಡಮಾಡಿ ಊರಿದರೆ ಬೇರು ಕಡಿದುಹೋಗುವುದು.

ಆಹಾರದ ಕ್ರಮ

ಗಿಡವು ಮಣ್ಣಿನಿಂದ ತೆಗೆದುಕೊಳ್ಳುವ ಆಹಾರಗಳಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಈ ಮೂರು ಮುಖ್ಯವಾದುವು. ಸಾರಜನಕವು ಎಲೆ ಮತ್ತು ಕಾಂಡಗಳನ್ನು ಬೆಳೆಸುತ್ತದೆ. ರಂಜಕವು ಬೇರಿಗೂ ಹೂವಿಗೂ ಬೇಕು. ಪೊಟ್ಯಾಷಿನಿಂದ ಹಣ್ಣಿಗೆ ಬಣ್ಣ, ರುಚಿ, ಗಟ್ಟಿತನಗಳು ಬರುತ್ತವೆ. ಎಳೆಯ ಗಿಡಕ್ಕೆ ಸಾರಜನಕ ಅತಿಯಾದರೆ ಅದು ಸೊಪ್ಪಿನ ಗಿಡದಂತೆ ಹಬ್ಬುವುದೇ ಹೊರತು ಫಲಕ್ಕೆ ತಿರುಗುವುದಿಲ್ಲ. ತಿಪ್ಪೆಯ ಮಗ್ಗುಲಲ್ಲಿ ತಾನಾಗಿ ಎದ್ದ ಟೊಮೇಟೊ ಗಿಡವು ಕಡುಹಸುರಾಗಿ ಸೊಕ್ಕಿ ಬೆಳೆದರೂ ಕಾಯಿ ವಿರಳವಾಗಿರುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೊದಲನೆಯ ಆಹಾರವನ್ನು ನಾಟಿಗೆ ಒಂದು ವಾರ ಮುಂಚೆ ಕೊಡಬೇಕು. ಒಂದಡಿ ಆಳದ ಗುಂಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಕಿಲೋ, ಹೊಂಗೆ ಅಥವಾ ಬೇವಿನ ಹಿಂಡಿ ಒಂದು ಹಿಡಿ, ದೊರೆತರೆ ಮೂಳೆಪುಡಿ ಒಂದು ಹಿಡಿ, ಇವನ್ನು ಮೇಲ್ಮಣ್ಣಿನೊಡನೆ ಬೆರೆಸಿ ತುಂಬತಕ್ಕುದು. ಹಸಿ ಸಗಣಿಯನ್ನು ಹಾಕಲೇ ಕೂಡದು. ಅದರ ಕಾವಿಗೆ ಬೇರು ಬೆಂದುಹೋಗುತ್ತದೆ, ಗೊಣ್ಣೆಹುಳುಗಳೂ ಸೇರುತ್ತವೆ.

ಎರಡನೆಯದು ಕಾಯುವ ಕಾಲ. ಗಿಡವು ಬೇರೂರಿದಂದಿನಿಂದ ಮೊದಲ ಗೊಂಚಲಿನ ಕಾಯಿಗಳು ಗೋಲಿಯ ಗಾತ್ರಕ್ಕೆ ಬರುವವರೆಗೆ, ಎಲೆಗಳು ಹಸುರಾಗಿದ್ದರೆ, ಬೇರೆ ಗೊಬ್ಬರವೇನೂ ಬೇಡ. ಎಲೆಗಳು ಬಿಳಚಿಕೊಂಡರೆ ಮಾತ್ರ ಒಂದು ಪಾಲು ಸಗಣಿಯನ್ನು ಹತ್ತು ಪಾಲು ನೀರಿನಲ್ಲಿ ಕದಡಿ ಬುಡದ ಸುತ್ತ ಒಮ್ಮೆ ಹೊಯ್ಯಬಹುದು.

ಮೂರನೆಯದು ಫಲದ ಕಾಲ. ಗಿಡದ ನಿಜವಾದ ಹಸಿವು ಈಗ ಮೊದಲಾಗುತ್ತದೆ. ಆದರೆ ಹಲವರು ಕಾಯಿ ಕಂಡೊಡನೆ ಆರೈಕೆಯನ್ನು ನಿಲ್ಲಿಸುತ್ತಾರೆ. ಹದಿನೈದು ದಿನಗಳಿಗೊಮ್ಮೆ ಅರ್ಧ ಹಿಡಿ ಕಡಲೆಕಾಯಿ ಹಿಂಡಿಯನ್ನು ಬುಡದಿಂದ ಆರಂಗುಲ ದೂರದಲ್ಲಿ ಬಳೆಯಂತೆ ಹಾಕಿ, ಮಣ್ಣು ಮುಚ್ಚಿ ನೀರು ಕೊಡತಕ್ಕುದು. ನೂರು ಕಿಲೋ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕವು ಸುಮಾರು ಅರ್ಧ ಕಿಲೋ ಇದ್ದರೆ, ಅಷ್ಟೇ ಕಡಲೆಕಾಯಿ ಹಿಂಡಿಯಲ್ಲಿ ಸುಮಾರು ಏಳು ಕಿಲೋ ಇರುತ್ತದೆ. ಆದಕಾರಣ ಹಿಂಡಿಯನ್ನು ಗೊಬ್ಬರದಂತೆ ಬುಟ್ಟಿಯ ಲೆಕ್ಕದಲ್ಲಿ ಸುರಿಯುವಂತಿಲ್ಲ.

ಪೊಟ್ಯಾಷಿಗೆ ಒಲೆಯ ಸೌದೆಬೂದಿಯು ಸುಲಭವಾದ ಸಾಧನ. ತಿಂಗಳಿಗೊಮ್ಮೆ ಗಿಡಕ್ಕೆ ಅರ್ಧ ಹಿಡಿ ಸಾಕು. ಬೂದಿಯು ಕ್ಷಾರಗುಣವುಳ್ಳದ್ದಾದುದರಿಂದ ಮಲೆನಾಡಿನ ಹುಳಿಮಣ್ಣಿಗೂ ಬಹುಪಾಲು ಕೆಂಪುಮಣ್ಣಿಗೂ ಹಿತ. ಎರೆಭೂಮಿಯಲ್ಲಿ ಅದನ್ನು ಬಿಡುವುದೇ ಲೇಸು. ಬೂದಿಯನ್ನು ಗೊಬ್ಬರದ ಗುಂಡಿಗೆ ಬೆರೆಸಬಾರದು. ಬೆರೆಸಿದರೆ ಗೊಬ್ಬರದ ಸಾರಜನಕವು ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತದೆ.

ನೀರು ಮತ್ತು ತಳಕೊಳೆ

ಕಾಯಿಯ ತಳದಲ್ಲಿ ಕಪ್ಪು ಮಚ್ಚೆ ಎದ್ದು ಒಳಕ್ಕೆ ಕುಸಿಯುವುದನ್ನು ಹುಳುವಿನ ಅಥವಾ ಬೂಷ್ಟಿನ ಕಾಟವೆಂದು ಬಗೆದು ಔಷಧಿ ಸಿಂಪಡಿಸುವವರುಂಟು. ಇದು ರೋಗಾಣುವಿನಿಂದ ಬಂದುದಲ್ಲ. ಕಾಯಿಯ ತುದಿಗೆ ಸುಣ್ಣದ ಅಂಶವು ಸಾಲದೆ ಹೋದಾಗ ಹೀಗಾಗುತ್ತದೆ. ಸುಣ್ಣದ ಅಂಶವು ಬೇರಿನಿಂದ ನೀರಿನೊಡನೆಯೇ ಮೇಲೇರಬೇಕು. ನಾಲ್ಕು ದಿನ ಒಣಗಿಸಿ ಐದನೆಯ ದಿನ ಕೊಡಗಟ್ಟಲೆ ಸುರಿದರೆ ಈ ಸಾಗಣೆಯು ಕಡಿದುಹೋಗುತ್ತದೆ. ಮಣ್ಣಿನಲ್ಲಿ ಸುಣ್ಣವಿದ್ದರೂ ಕಾಯಿಗೆ ಅದು ಸಿಕ್ಕುವುದಿಲ್ಲ. ಸಾರಜನಕ ಹೆಚ್ಚಾಗಿ ಎಲೆ ದಟ್ಟವಾದಾಗಲಂತೂ ನೀರನ್ನೆಲ್ಲ ಎಲೆಗಳೇ ಸೆಳೆದುಕೊಳ್ಳುತ್ತವೆ. ಆದಕಾರಣ ನೀರನ್ನು ಹದವರಿತು ಒಂದೇ ಸಮನಾಗಿ ಬುಡಕ್ಕೆ ಕೊಡಬೇಕು, ಎಲೆಗಳನ್ನು ತೋಯಿಸಬಾರದು. ಬುಡದ ಸುತ್ತ ಒಣಹುಲ್ಲು ಅಥವಾ ತರಗೆಲೆಗಳನ್ನು ಎರಡಂಗುಲ ಹೊದಿಸಿದರೆ ತೇವವು ಆರುವುದಿಲ್ಲ.

ಹಿತ್ತಲಿಲ್ಲದವರು ಹತ್ತು ಹನ್ನೆರಡು ಕಿಲೋ ಮಣ್ಣು ಹಿಡಿಯುವ ಕುಂಡ, ಹಳೆಯ ಡಬ್ಬ ಅಥವಾ ಚೀಲಗಳಲ್ಲಿ ತಳಕ್ಕೆ ತೂತು ಮಾಡಿ ಬೆಳೆಯಬಹುದು. ಕುಂಡದ ಸಾರವು ನೀರಿನೊಡನೆ ಬೇಗ ಸೋರಿಹೋಗುವುದರಿಂದ, ಫಲದ ಕಾಲದಲ್ಲಿ ಮೇಲೆ ಹೇಳಿದ ಹಿಂಡಿಯ ಅರ್ಧವನ್ನು ವಾರಕ್ಕೊಮ್ಮೆ ಕೊಡುವುದು ಯುಕ್ತ.

ಹಸಿವೋ ರೋಗವೋ

ಕೆಳಗಿನ ಹಳೆಯ ಎಲೆಗಳು ಒಟ್ಟಿಗೆ ಹಳದಿಯಾದರೆ ಸಾರಜನಕದ ಕೊರತೆ. ಎಳೆಗಿಡದ ಎಲೆಯ ಅಡಿಭಾಗ ನೇರಳೆ ಬಣ್ಣಕ್ಕೆ ತಿರುಗಿದರೆ ರಂಜಕದ ಕೊರತೆ. ಹಳೆಯ ಎಲೆಗಳ ಅಂಚು ಸುಟ್ಟಂತಾದರೆ ಪೊಟ್ಯಾಷಿನ ಕೊರತೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ತುದಿಯ ಎಲೆಗಳು ಕಿರಿದಾಗಿ ಮೇಲಕ್ಕೆ ಮುದುಡಿದರೆ ಅದು ಹಸಿವಲ್ಲ, ಬಿಳಿನೊಣದಿಂದ ಹರಡುವ ಎಲೆಮುದುಡು ರೋಗ. ಅಂಥ ಗಿಡವನ್ನು ಕಿತ್ತು ಸುಡುವುದೇ ಉಳಿದ ಗಿಡಗಳಿಗೆ ರಕ್ಷೆ.

ಹಸುರಾಗಿದ್ದ ಗಿಡವು ಎರಡು ಮೂರು ದಿನಗಳಲ್ಲಿ ಜೋತುಬಿದ್ದರೆ ಸೊರಗು ರೋಗವನ್ನು ಶಂಕಿಸಬೇಕು. ಬುಡದ ಕಾಂಡವನ್ನು ಕತ್ತರಿಸಿ, ಆ ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅಲ್ಲಾಡಿಸದೆ ಹಿಡಿದರೆ, ಕೆಲವು ನಿಮಿಷಗಳಲ್ಲಿ ಹಾಲಿನಂಥ ಎಳೆಯು ಇಳಿಯುವುದು ಇದರ ಗುರುತು. ಈ ರೋಗಾಣುವು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಮೊದಲು ಹೇಳಿದ ದಾಯಾದಿಗಳ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ: ಅಂಥ ಪಾತಿಯಲ್ಲಿ ಬದನೆ, ಮೆಣಸಿನಕಾಯಿ, ಆಲೂಗೆಡ್ಡೆಗಳನ್ನು ಇಡದೆ, ಕೆಲವು ವರ್ಷ ರಾಗಿ, ಮುಸುಕಿನ ಜೋಳ ಮೊದಲಾದುವನ್ನು ಬೆಳೆಯತಕ್ಕುದು. ರೋಗವಿಲ್ಲದ ಪಾತಿಯಲ್ಲಿಯೂ ಈ ಕುಲದ ಬೆಳೆಗಳನ್ನು ಒಂದರ ಹಿಂದೆ ಒಂದು ಇಡಬಾರದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹೊರತಂದಿರುವ ಅರ್ಕಾ ರಕ್ಷಕ್ ಎಂಬ ಮಿಶ್ರತಳಿಯು ಎಲೆಮುದುಡು, ಸೊರಗು, ಎಲೆಚುಕ್ಕೆಯ ಅಂಗಮಾರಿ ಎಂಬ ಮೂರು ರೋಗಗಳನ್ನೂ ತಡೆಯಬಲ್ಲುದು. ಮಿಶ್ರತಳಿಯಾದುದರಿಂದ ಅದರ ಹಣ್ಣಿನ ಬೀಜವನ್ನು ಮುಂದಿನ ಬಿತ್ತನೆಗೆ ಇಟ್ಟುಕೊಳ್ಳುವಂತಿಲ್ಲ.

ಗ್ರಾಮದ ಹಿರಿಯರ ಕರ್ತವ್ಯ

ನಾಟಿಯಾದ ಎರಡು ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು ಬರುತ್ತದೆ. ತುದಿಯಲ್ಲಿ ಕೆಂಪು ಇಣುಕಿದೊಡನೆ ಕೊಯ್ದು ಮನೆಯೊಳಗೆ ನೆರಳಿನಲ್ಲಿ ಹಣ್ಣಾಗಿಸಿದರೆ ಹಕ್ಕಿಗಳ ಕಾಟವೂ ಒಡಕೂ ತಪ್ಪುತ್ತವೆ.

ಹತ್ತು ಗಿಡಗಳಿಗೆ ಬೇಕಾದ ನೆಲವು ಒಂದು ಕೋಣೆಯಷ್ಟು ಮಾತ್ರ. ಸ್ನಾನದ ಮನೆಯ ಸೋಪಿಲ್ಲದ ನೀರೂ ಕೊಟ್ಟಿಗೆಯ ಕಳಿತ ಗೊಬ್ಬರವೂ ಒಲೆಯ ಬೂದಿಯೂ ಇದಕ್ಕೆ ಸಾಲುತ್ತವೆ. ಹೊಸ ಕ್ರಮವನ್ನು ಮಾತಿನಿಂದ ಕೇಳಿದವರು ಮರೆಯುತ್ತಾರೆ, ಕಣ್ಣಿನಿಂದ ಕಂಡವರು ಅನುಸರಿಸುತ್ತಾರೆ. ಗ್ರಾಮದ ಪ್ರಮುಖರೂ ಜಮೀನುದಾರರೂ ತಮ್ಮ ಹಿತ್ತಲಿನಲ್ಲಿ ಒಂದು ಸಾಲಿಗೆ ವಾಡಿಕೆಯಂತೆಯೂ ಇನ್ನೊಂದು ಸಾಲಿಗೆ ಇಲ್ಲಿ ಹೇಳಿದ ಕ್ರಮದಂತೆಯೂ ಆಹಾರ ಕೊಟ್ಟು, ಎರಡರ ಹಣ್ಣುಗಳನ್ನು ಬೇರೆ ಬೇರೆ ತೂಗಿ ನೆರೆಹೊರೆಯವರಿಗೆ ತೋರಿಸುವುದು ಉಚಿತ. ಊರಿನ ಪ್ರತಿಯೊಂದು ಮನೆಯಲ್ಲಿಯೂ ಹತ್ತು ಗಿಡಗಳು ಫಲ ಕೊಟ್ಟರೆ, ಮಾರುಕಟ್ಟೆಯ ಬೆಲೆಯು ಏರಿದ ವರ್ಷದಲ್ಲಿಯೂ ಬಡವನ ಮಕ್ಕಳ ಊಟದಲ್ಲಿ ಈ ಹಣ್ಣು ಇದ್ದೇ ಇರುವುದು.