ಜಾವಾ ಯೋಜನೆಯ ಹೆಬ್ಬಾಗಿಲು



ಸ್ಟೆತಾಸ್ಕೋಪ್ ಹಿಡಿಯುವವರಿಗೆ ಜಾವಾದ ಗೊಡವೆ ಏಕೆಂದು ತಾವು ಕೇಳಬಹುದು. ವೈದ್ಯರಾದ ನಾವು ಬರೆಯುವ ಔಷಧದ ಪ್ರಮಾಣ ಇಂದು ಕಂಪ್ಯೂಟರಿನ ದಾಖಲೆಗೆ ಸೇರುತ್ತದೆ. ಅದನ್ನು ಕಾಯುವ ತಂತ್ರಾಂಶದ ರಚನೆಯೂ ಆದ್ದರಿಂದ ನಮ್ಮ ವಿಷಯವೇ. ಕಾಲೇಜು ಸೇರಿದ ನಮ್ಮ ಮಕ್ಕಳು ಇಂಥ ಕೆಲಸಕ್ಕೆ ಕೈಹಾಕುವ ಮುನ್ನ ಒಂದು ನಿಜವಾದ ಉದಾಹರಣೆಯನ್ನು ನೋಡೋಣ.

ಓಪನ್‌ಎಮ್‌ಆರ್‌ಎಸ್ ರೋಗಿಗಳ ದಾಖಲೆಯನ್ನಿಡುವ ಮುಕ್ತ ತಂತ್ರಾಂಶ. ೨೦೦೪ರಲ್ಲಿ ರೂಪುಗೊಳ್ಳಲಾರಂಭಿಸಿ, ೨೦೦೬ರಲ್ಲಿ ಕೀನ್ಯಾದ ಎಲ್ಡೊರೆಟ್‌ನಲ್ಲಿ ಬಳಕೆಗೆ ಬಂದಿತು. ಜಾವಾದಲ್ಲಿ ಬರೆದ ಇದರ ತಿರುಳು ಹಲವು ಮಾಡ್ಯೂಲ್‌ಗಳಾಗಿ ಹಂಚಿಹೋಗಿದೆ. ಎಪಿಐ ಮಾಡ್ಯೂಲಿನಲ್ಲಿ ರೋಗಿ, ಭೇಟಿ, ಔಷಧಾದೇಶಗಳ ನಿಯಮಗಳಿವೆ. ವೆಬ್ ಮಾಡ್ಯೂಲು ಅವನ್ನು ಬಳಸಿಕೊಳ್ಳುತ್ತದೆ. ಕೂಡುಕುಟುಂಬದಲ್ಲಿ ಕೋಣೆಗಳು ಬೇರೆಯಾಗಿದ್ದು ಉಗ್ರಾಣ ಒಂದೇ ಇರುವಂತೆ. ಎಲ್ಲಕ್ಕೂ ಮೇಲಿನ ಫೋಲ್ಡರಿನಲ್ಲಿರುವ 'ಪಾಮ್' ಕಡತವೇ ಮನೆಯ ಯಜಮಾನ. ಯಾವ ಮಾಡ್ಯೂಲ್‌ಗಳು ಮನೆಗೆ ಸೇರಿದವು, ಹೊರಗಿನ ಸಾಮಗ್ರಿಯ ಯಾವ ಆವೃತ್ತಿ ಬೇಕು ಎಂಬುದನ್ನು ಅದು ಹೇಳುತ್ತದೆ. ಪ್ರತಿ ಮಾಡ್ಯೂಲಿಗೂ ತನ್ನದೇ ಚಿಕ್ಕ ಪಾಮ್ ಉಂಟು. ಮೇವನ್ ಎಂಬ ಸಾಧನ ಇವನ್ನೆಲ್ಲ ಓದಿ, ಯಾವುದನ್ನು ಮೊದಲು ಕಟ್ಟಬೇಕೆಂದು ನಿರ್ಧರಿಸುತ್ತದೆ. ವೆಬ್ ಎಪಿಐಯನ್ನು ನೆಚ್ಚಬಹುದು. ಎಪಿಐಯೂ ಮರಳಿ ವೆಬ್ಬನ್ನು ನೆಚ್ಚಿತೋ, ಮೇವನ್ ಕಟ್ಟಲು ನಿರಾಕರಿಸುತ್ತದೆ. ಈ ಹಟ ನಮಗೆ ಮೆಚ್ಚುಗೆಯೇ.

ಇಂಟೆಲಿಜೆಯಾಗಲಿ ಎಕ್ಲಿಪ್ಸ್ ಆಗಲಿ, ತೆರೆಯಬೇಕಾದದ್ದು ಮೇಲಿನ ಪಾಮ್ ಕಡತವನ್ನೇ. ಇಂಟೆಲಿಜೆಯಲ್ಲಿ ಅದನ್ನು ಪ್ರಾಜೆಕ್ಟ್ ಆಗಿ ತೆರೆಯುವುದು. ಎಕ್ಲಿಪ್ಸ್‌ನಲ್ಲಿ 'ಎಕ್ಸಿಸ್ಟಿಂಗ್ ಮೇವನ್ ಪ್ರಾಜೆಕ್ಟ್ಸ್' ಎಂದು ಆಮದು ಮಾಡಿ ಎಲ್ಲ ಮಾಡ್ಯೂಲ್‌ಗಳನ್ನೂ ಆರಿಸುವುದು. ಅವಸರದವರು ವೆಬ್ ಫೋಲ್ಡರೊಂದನ್ನೇ ತೆರೆಯುತ್ತಾರೆ. ಆಗ ಎಪಿಐ ಬರುವುದು ಎದುರಿನ ಮೂಲದಿಂದಲ್ಲ. ಎಂದೋ ಕಟ್ಟಿ '.ಎಮ್೨' ಫೋಲ್ಡರಿನಲ್ಲಿಟ್ಟ ಹಳೆಯ ಜಾರ್ ಕಡತದಿಂದ.

ಇದರ ಪರಿಣಾಮವನ್ನು ತುಸು ಯೋಚಿಸಿ. ಔಷಧಕ್ಕೆ ಬರಿಯ '೫೦೦' ಎಂದು ಬರೆದರೆ ಅದು ಮಿಲಿಗ್ರಾಮೋ ಮೈಕ್ರೋಗ್ರಾಮೋ? ಪ್ರಮಾಣವಿದ್ದು ಅಳತೆಯ ಮಾನವಿಲ್ಲದ ಆದೇಶವನ್ನು ತಡೆಯುವ ನಿಯಮ ಎಪಿಐಯಲ್ಲಿದೆ. ಅಂಥ ನಿಯಮವೊಂದನ್ನು ಇಂದು ಬಿಗಿಗೊಳಿಸಿದರೂ, ಹಳೆಯ ಜಾರ್ ಹಿಡಿದ ವೆಬ್ ನಿನ್ನೆಯ ನಿಯಮವನ್ನೇ ನಡೆಸುತ್ತದೆ. ಪರದೆಯ ಮೇಲೆ ಕೆಂಪು ಗೆರೆಯೂ ಮೂಡದಿರಬಹುದು. ನೋವಿಲ್ಲದ ಗಡ್ಡೆಗೆ ವೈದ್ಯರು ಹೆಚ್ಚು ಅಂಜುತ್ತಾರಲ್ಲ, ಹಾಗೆ. ಮೇಲಿನಿಂದ ತೆರೆದಾಗ ಎರಡೂ ಒಂದೇ ಸೂರಿನಡಿ ಇರುವುದರಿಂದ ತಿದ್ದುಪಡಿ ನೇರವಾಗಿ ತಲುಪುತ್ತದೆ.

ಉಳಿದದ್ದು ಅಲ್ಪ. ಪಾಮ್ ಬಯಸುವ ಆವೃತ್ತಿಯ ಜೆಡಿಕೆಯನ್ನು ಆರಿಸಿ, ಮೇಲಿನ ಫೋಲ್ಡರಿನಲ್ಲೇ 'ಕ್ಲೀನ್ ಇನ್‌ಸ್ಟಾಲ್' ಆದೇಶ ಕೊಡಬೇಕು. ಪರೀಕ್ಷೆಗಳೂ ಅದರೊಡನೆ ನಡೆಯುವುದರಿಂದ ಮೊದಲ ಸಲ ಕಾಫಿ ಕುಡಿದು ಬರುವಷ್ಟು ಹೊತ್ತಾದೀತು. ಬೇಸರದಿಂದ ಅವನ್ನು ಬಿಟ್ಟುಬಿಡುವ ಉಪಾಯವೂ ಉಂಟು. ಅದನ್ನು ನಾವು ಇಲ್ಲಿ ಹೇಳಿಕೊಡುವುದಿಲ್ಲ.