ಮೂಲವೂ ಸೂಚಿಯೂ: ಗಿಟ್ ವ್ಯವಸ್ಥೆಯಲ್ಲಿ ಕಮಿಟ್ ಇತಿಹಾಸದ ನಿರ್ವಹಣೆ

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಮೂಲಪ್ರತಿಗೂ ಸೂಚಿಗೂ ಇರುವ ಅಂತರವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಕರ್ನಲ್ ಕಾಲಿನ್ ಮೆಕೆಂಝಿ 1821ರಲ್ಲಿ ತೀರಿಕೊಂಡ ಮೇಲೆ ಅವನ ಸಂಗ್ರಹದ ವಿವರಣಾತ್ಮಕ ಸೂಚಿಯನ್ನು ಎಚ್. ಎಚ್. ವಿಲ್ಸನ್ 1828ರಲ್ಲಿ ಕಲ್ಕತ್ತೆಯಿಂದ ಪ್ರಕಟಿಸಿದನು. ದಕ್ಷಿಣದ ಭಾಷೆಗಳ ಹಸ್ತಪ್ರತಿಗಳು ಮದರಾಸಿಗೆ ಮರಳಿದ ತರುವಾಯ ವಿಲಿಯಂ ಟೇಲರ್ ಅವುಗಳನ್ನು ಮತ್ತೊಮ್ಮೆ ಪರಿಶೀಲಿಸಿ, ಮಸಿ ಮಾಸಿದವುಗಳಿಗೆ ಹೊಸ ನಕಲು ಮಾಡಿಸಿ, ಮುಂದೆ 1857ರಿಂದ 1862ರ ಅವಧಿಯಲ್ಲಿ ಮೂರು ಸಂಪುಟಗಳ ಇನ್ನೊಂದು ಸೂಚಿಯನ್ನು ಹೊರತಂದನು. ಇಂದು ಚೆನ್ನೈಯ ಸರಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ ಕನ್ನಡದ ಕಟ್ಟುಗಳನ್ನು ಬಿಚ್ಚುವವರು ಮೊದಲು ಸೂಚಿಯನ್ನೇ ತೆರೆಯುತ್ತಾರೆ. ಸಾವಿರಾರು ಕಟ್ಟುಗಳನ್ನು ಬಿಚ್ಚಿ ನೋಡುವ ಶ್ರಮವನ್ನು ಸೂಚಿಯು ಉಳಿಸುತ್ತದೆ. ಆದರೆ ಸೂಚಿಯಲ್ಲಿ ಇದೆ ಎಂದ ಮಾತ್ರಕ್ಕೆ ಕಟ್ಟು ಕಪಾಟಿನಲ್ಲಿ ಇದೆ ಎಂದು ಹೇಳುವಂತಿಲ್ಲ.

ಈ ಹಳೆಯ ಸಮಸ್ಯೆಯೇ ಗಣಕಯಂತ್ರದ ಒಳಗೆ ಯಾವ ರೂಪವನ್ನು ತಳೆದಿದೆ, ಅಲ್ಲಿ ಅದಕ್ಕೆ ಯಾವ ಪರಿಹಾರವನ್ನು ಕಂಡುಕೊಂಡಿದ್ದಾರೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಬಯಸುತ್ತೇವೆ. ಪಾಠಾಂತರಗಳನ್ನು ಗಣಕದಲ್ಲಿ ದಾಖಲಿಸುವ ಸಂಪಾದಕರು ಗಿಟ್ ಎಂಬ ಆವೃತ್ತಿ ನಿಯಂತ್ರಣ ವ್ಯವಸ್ಥೆಯನ್ನು ಬಳಸತೊಡಗಿರುವುದರಿಂದ ಇದು ನಮ್ಮ ಕ್ಷೇತ್ರಕ್ಕೆ ಹೊರಗಿನ ವಿಷಯವಲ್ಲ.

ಗಿಟ್ ವ್ಯವಸ್ಥೆಯನ್ನು ಲೀನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ರಚಿಸಿದರು. ಪಠ್ಯದ ಒಂದು ಸ್ಥಿತಿಯನ್ನು ಮುದ್ರೆಯೊತ್ತಿ ಇಟ್ಟರೆ ಅದು ಕಮಿಟ್. ಅದರೊಳಗೆ ಆ ಕ್ಷಣದ ಪಠ್ಯದ ಗುರುತು, ಮಾಡಿದವರ ಹೆಸರು, ಕಾಲ, ಟಿಪ್ಪಣಿ ಹಾಗೂ ಅದಕ್ಕೆ ಹಿಂದಿನ ಕಮಿಟ್‌ನ, ಅಂದರೆ ತಾಯಿಪ್ರತಿಯ ಹೆಸರು ಇರುತ್ತವೆ. ಈ ಎಲ್ಲದರಿಂದ ಲೆಕ್ಕ ಹಾಕಿದ 40 ಅಕ್ಷರಗಳ ಮೊತ್ತವೇ ಕಮಿಟ್‌ನ ಹೆಸರು. ಒಳಗಿನ ಒಂದು ಅಕ್ಷರ ಬದಲಾದರೂ ಹೆಸರು ಬದಲಾಗುತ್ತದೆ. ಹೆಸರು ಬದಲಾದರೆ ಅದನ್ನು ತಾಯಿಯೆಂದು ಹೇಳಿಕೊಂಡ ಎಲ್ಲ ಸಂತತಿಯ ಹೆಸರೂ ಬದಲಾಗುತ್ತದೆ. ಆದುದರಿಂದ ಕಮಿಟ್ ಕಂಠದಿಂದ ಕೊರೆದ ಓಲೆಗರಿಯಂತೆ. ಅದನ್ನು ತಿದ್ದಲು ಬರುವುದಿಲ್ಲ, ಬೇರೊಂದು ಗರಿಯನ್ನು ಬರೆಯಬಹುದಷ್ಟೆ.

ತೊಡಕು ಇರುವುದು ಓದುವಲ್ಲಿ. ಈ ಪಾಠವು ಆ ಪಾಠಕ್ಕಿಂತ ಮೊದಲೋ, ಒಂದರಿಂದ ಇನ್ನೊಂದು ಹುಟ್ಟಿತೋ ಎಂದು ಕೇಳಿದರೆ ಗಿಟ್ ಪ್ರತಿಯೊಂದು ಕಮಿಟ್ಟನ್ನೂ ಬಿಚ್ಚಿ, ತಾಯಿಯ ಹೆಸರನ್ನು ಓದಿ, ಆ ತಾಯಿಯನ್ನೂ ಬಿಚ್ಚಿ, ಹೀಗೆ ಹಿಂದೆ ಹಿಂದೆ ಹೋಗಬೇಕು. ಕಮಿಟ್‌ಗಳು ಒತ್ತಿ ಕಟ್ಟಿದ ಸ್ಥಿತಿಯಲ್ಲಿರುವುದರಿಂದ ಬಿಚ್ಚುವುದಕ್ಕೇ ಕಾಲ ಹಿಡಿಯುತ್ತದೆ. ನಮ್ಮಂಥವರ ನೂರಿನ್ನೂರು ಕಮಿಟ್‌ಗಳಲ್ಲಿ ಇದು ಗೊತ್ತಾಗುವುದಿಲ್ಲ. ಲಿನಕ್ಸ್ ತಿರುಳಿನ ಇತಿಹಾಸದಲ್ಲಿ 10 ಲಕ್ಷಕ್ಕೂ ಮಿಕ್ಕ ಕಮಿಟ್‌ಗಳಿವೆ.

2018ರಲ್ಲಿ ಗಿಟ್‌ನ 2.18ನೆಯ ಆವೃತ್ತಿಯೊಡನೆ ಬಂದ ಕಮಿಟ್-ಗ್ರಾಫ್ ಎಂಬ ಕಡತವು ಇದಕ್ಕೆ ಪರಿಹಾರ. ಈ ಕಾರ್ಯದಲ್ಲಿ ಡೆರಿಕ್ ಸ್ಟೋಲಿಯವರದು ಮುಖ್ಯ ಪಾತ್ರ. ಕಡತ ಎಂಬ ಮಾತು ಇಲ್ಲಿ ಬಹಳ ಒಪ್ಪುತ್ತದೆ: ಹುಣಿಸೆಬೀಜದ ಅಂಟು, ಇದ್ದಲ ಪುಡಿಗಳನ್ನು ಬಟ್ಟೆಗೆ ಬಳಿದು, ಮಡಿಸಿ, ಬಳಪದಿಂದ ಬರೆದು, ಬೇಡವಾದಾಗ ಒರೆಸಿ ಮತ್ತೆ ಬರೆಯುತ್ತಿದ್ದ ಹಳೆಯ ಲೆಕ್ಕದ ಪುಸ್ತಕಕ್ಕೆ ಅದೇ ಹೆಸರು. ಕಮಿಟ್ ಓಲೆಯಾದರೆ ಕಮಿಟ್-ಗ್ರಾಫ್ ಒರೆಸಿ ಬರೆಯಬಹುದಾದ ಕಡತ. ಎಲ್ಲ ಕಮಿಟ್‌ಗಳ ಹೆಸರನ್ನು ಅನುಕ್ರಮದಲ್ಲಿ ಜೋಡಿಸಿ, ಒಂದೊಂದರ ಮುಂದೆ ತಾಯಿ ಯಾವ ಸಾಲಿನಲ್ಲಿದೆ, ಕಾಲ ಯಾವುದು, ಪೀಳಿಗೆ ಸಂಖ್ಯೆ ಎಷ್ಟು ಎಂಬುದನ್ನು ಅದರಲ್ಲಿ ಬರೆದಿಡಲಾಗುತ್ತದೆ.

ಪೀಳಿಗೆ ಸಂಖ್ಯೆಯನ್ನು ಸ್ವಲ್ಪ ವಿವರಿಸಬೇಕು. ತಾಯಿಯಿಲ್ಲದ ಮೊದಲ ಕಮಿಟ್‌ಗೆ 1. ಉಳಿದವಕ್ಕೆ, ತಾಯಂದಿರ ಸಂಖ್ಯೆಗಳಲ್ಲಿ ದೊಡ್ಡದಕ್ಕೆ ಒಂದನ್ನು ಕೂಡಿಸಿದ ಮೊತ್ತ. ಕಾವ್ಯವೊಂದರ ಮೊದಲ ಲಿಪ್ಯಂತರ 1, ಅದರ ತಿದ್ದುಪಡಿ 2 ಎಂದಿರಲಿ. ಅಲ್ಲಿಂದ ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆಯಾಗಿ ಮುಂದುವರಿದು ಒಬ್ಬರು 3, 4 ಎಂದೂ ಇನ್ನೊಬ್ಬರು 3 ಎಂದೂ ನಿಂತರೆ, ಎರಡನ್ನೂ ಕೂಡಿಸಿದ ಕಮಿಟ್‌ನ ಸಂಖ್ಯೆ 5. ಎರಡನೆಯವರ 3ರೊಳಗೆ ಮೊದಲನೆಯವರ 4 ಅಡಗಿದೆಯೇ ಎಂದು ಕೇಳಿದರೆ ಏನನ್ನೂ ಬಿಚ್ಚದೆ ಇಲ್ಲವೆನ್ನಬಹುದು; ಮಗಳು ತಾಯಿಗಿಂತ ಹಿಂದಿನ ಪೀಳಿಗೆಯವಳಾಗಲಾರಳು. ಕಾಲವನ್ನೇ ನೋಡಬಾರದೇಕೆ ಎಂಬ ಪ್ರಶ್ನೆ ಸಹಜ. ಗಣಕಗಳ ಗಡಿಯಾರಗಳು ತಪ್ಪಿರುತ್ತವೆ. ಲಿಪಿಕಾರನ ಕೊನೆಯ ಪದ್ಯದ ಸಂವತ್ಸರವನ್ನು ಕಣ್ಣು ಮುಚ್ಚಿ ನಂಬದಿರುವುದೂ ಇದೇ ಕಾರಣದಿಂದ. 2021ರ 2.31ನೆಯ ಆವೃತ್ತಿಯಿಂದ ಎರಡನ್ನೂ ಹೊಂದಿಸಿದ ಕ್ರಮ ಬಂದಿದೆ: ಕಮಿಟ್‌ನ ಕಾಲವು ತಾಯಿಯ ಕಾಲಕ್ಕಿಂತ ಹಿಂದಿದ್ದರೆ, ತಾಯಿಯ ಕಾಲಕ್ಕೆ ಒಂದು ಸೆಕೆಂಡನ್ನು ಕೂಡಿಸಿ ಅದನ್ನೇ ಸರಿಪಡಿಸಿದ ಕಾಲವೆಂದು ಹಿಡಿಯುವುದು.

ಇನ್ನು ನಿರ್ವಹಣೆ. ಸೂಚಿಯನ್ನು ಬರೆದ ಮೇಲೆ ಹತ್ತು ಹೊಸ ಕಮಿಟ್‌ಗಳು ಬಂದರೆ ಸೂಚಿ ಹಳತಾಯಿತೆಂದು ಗಾಬರಿಯಾಗಬೇಕಿಲ್ಲ. ಸೂಚಿಯಲ್ಲಿಲ್ಲದ ಕಮಿಟ್ಟನ್ನು ಗಿಟ್ ಮೂಲದಿಂದಲೇ ಓದುತ್ತದೆ. ಸೂಚಿಯಲ್ಲಿರುವವು ಎಂದೂ ಬದಲಾಗುವಂತಿಲ್ಲವಾದುದರಿಂದ ಅವುಗಳ ನಮೂದೂ ಸುಳ್ಳಾಗುವುದಿಲ್ಲ. ಹಿಂದುಳಿದ ಸೂಚಿ ನಿಧಾನಿಸುತ್ತದೆ, ತಪ್ಪು ಹೇಳುವುದಿಲ್ಲ. ಗ್ರಂಥಸೂಚಿಗೆ ಈ ಭಾಗ್ಯವಿಲ್ಲ. ಆರ್. ನರಸಿಂಹಾಚಾರ್ಯರ ಕರ್ನಾಟಕ ಕವಿಚರಿತೆಯ ಮೂರು ಸಂಪುಟಗಳು 1907, 1919, 1929ರಲ್ಲಿ ಒಂದರ ಮೇಲೊಂದು ಬಂದವು. ಆದರೂ ನಡುವೆ 1924ರಲ್ಲಿ ಮೊದಲ ಸಂಪುಟವನ್ನು ಪರಿಷ್ಕರಿಸಬೇಕಾಯಿತು. ಹೊಸ ಸಂಪುಟ ಸೇರಿಸುವುದು ಒಂದು ಕೆಲಸ, ಹಳೆಯದನ್ನು ಮತ್ತೆ ಬರೆಯುವುದು ಇನ್ನೊಂದು. ಗಿಟ್ 2019ರಿಂದ ಮೊದಲನೆಯ ಕ್ರಮವನ್ನು ಅನುಸರಿಸಬಲ್ಲುದು: ಹಳೆಯ ಕಡತದ ಮೇಲೆ ಚಿಕ್ಕದೊಂದು ಪದರವನ್ನು ಇಡುತ್ತದೆ, ಮೇಲಿನ ಪದರದ ಇಮ್ಮಡಿಯು ಕೆಳಗಿನದನ್ನು ಮೀರಿದಾಗ ಎರಡನ್ನೂ ಬೆಸೆಯುತ್ತದೆ. ಈ ಕೆಲಸವನ್ನು ನಿಯತಕಾಲದಲ್ಲಿ ತಾನೇ ಮಾಡಿಕೊಳ್ಳುವ ಏರ್ಪಾಟು 2020ರಲ್ಲಿ ಬಂದಿತು. ಕಡತವನ್ನು ಮೂಲದೊಡನೆ ಒರೆಹಚ್ಚಿ ನೋಡಲು ಗಿಟ್ ಕಮಿಟ್-ಗ್ರಾಫ್ ವೆರಿಫೈ ಎಂಬ ಆದೇಶವಿದೆ. ಕೆಟ್ಟಿದೆಯೆಂದು ತಿಳಿದರೆ ಅಳಿಸಿ ಮತ್ತೆ ಬರೆಸಿದರಾಯಿತು.

ಹಾಗಾದರೆ ಅಪಾಯ ಎಲ್ಲಿ? ಎರಡು ಕಡೆ. ವಂಶಾವಳಿಯನ್ನು ಮೇಲ್ತೋರಿಕೆಗೆ ಬದಲಿಸುವ ರಿಪ್ಲೇಸ್, ಗ್ರಾಫ್ಟ್ ಎಂಬ ಉಪಾಯಗಳಿವೆ. ಇತಿಹಾಸದ ತುದಿಯನ್ನು ಮಾತ್ರ ತರಿಸಿಕೊಂಡ ತುಂಡು ಪ್ರತಿಗಳೂ ಇರುತ್ತವೆ. ಅಲ್ಲಿ ಸೂಚಿಯ ಮಾತಿಗೂ ನೋಟಕ್ಕೂ ಹೊಂದಿಕೆ ತಪ್ಪುವುದರಿಂದ ಗಿಟ್ ಸೂಚಿಯನ್ನು ಬದಿಗಿಟ್ಟು ಮೂಲವನ್ನೇ ಓದುತ್ತದೆ. ಈ ವಿನಯ ನಮ್ಮ ಸೂಚಿಕಾರರಲ್ಲಿ ಯಾವಾಗಲೂ ಕಂಡುಬರುವುದಿಲ್ಲ. ಎರಡನೆಯದು ಮೂಲವೇ ಕಳೆದುಹೋಗುವುದು. ಯಾವ ಶಾಖೆಯಿಂದಲೂ ತಲುಪಲಾಗದ ಕಮಿಟ್‌ಗಳನ್ನು ಗಿಟ್ ಸಾಮಾನ್ಯ ಏರ್ಪಾಟಿನಲ್ಲಿ 30 ದಿನಗಳಷ್ಟಾದರೂ ಕಾಯ್ದು, ಬಳಿಕ ಕಸವೆಂದು ಗುಡಿಸುತ್ತದೆ. ಸೂಚಿಯಲ್ಲಿ ಹೆಸರು ಉಳಿದು, ಕಮಿಟ್ ಇಲ್ಲವಾದ ಪ್ರಸಂಗಗಳು ಗಿಟ್ ನಿರ್ಮಾಪಕರನ್ನೂ ಕಾಡಿವೆ.

ನಮ್ಮ ಅನುಭವವೊಂದನ್ನು ಇಲ್ಲಿ ಹೇಳಬೇಕು. ಚೆನ್ನೈಯಲ್ಲಿ ಮಧ್ಯಕಾಲೀನ ಚಂಪೂಕಾವ್ಯವೊಂದರ ಪಾಠಸಂಕಲನ ನಡೆದಿದ್ದಾಗ, ಯಾವ ಪದ್ಯದ ಯಾವ ಪಾಠವನ್ನು ಯಾವ ಕಮಿಟ್‌ನಲ್ಲಿ ಸ್ವೀಕರಿಸಿದೆವು ಎಂಬುದನ್ನು ಬೇರೊಂದು ಪಟ್ಟಿಯಲ್ಲಿ ಬರೆದಿಡುತ್ತಿದ್ದೆವು. ಸಹಾಯಕರೊಬ್ಬರು ಇತಿಹಾಸ ಚೊಕ್ಕಟವಾಗಿರಲೆಂದು ಹಲವು ಚಿಕ್ಕ ಕಮಿಟ್‌ಗಳನ್ನು ಒಂದಾಗಿ ಸೇರಿಸಿಬಿಟ್ಟರು. ಗಿಟ್ ತನ್ನ ಸೂಚಿಯನ್ನು ಗೊಣಗದೆ ಹೊಸದಾಗಿ ಬರೆದುಕೊಂಡಿತು. ನಮ್ಮ ಪಟ್ಟಿ ಮಾತ್ರ ಹಳೆಯ ಹೆಸರುಗಳನ್ನೇ ಹೇಳುತ್ತಿತ್ತು. ಅವುಗಳಲ್ಲಿ ಒಂದಕ್ಕೂ ಮೂಲವಿರಲಿಲ್ಲ. ನಾವು ಗಮನಿಸುವ ವೇಳೆಗೆ ಗುಡಿಸುವಿಕೆಯೂ ಮುಗಿದಿತ್ತು. ಹೋದ ಕಮಿಟ್‌ಗಳ ಟಿಪ್ಪಣಿಗಳಲ್ಲಿ, ಅಷ್ಟರಲ್ಲಿ ತೀರಿಕೊಂಡಿದ್ದ ಪಂಡಿತರೊಬ್ಬರು ಅಂಚು ಮುರಿಯುವ ಮೊದಲು ಒಂದು ಗರಿಯನ್ನು ಓದಿ ಹೇಳಿದ ಅಕ್ಷರಗಳಿದ್ದವು. ಆ ಗರಿಯ ಅಂಚು ಈಗಿಲ್ಲ.

ತಿರುವಲ್ಲಿಕ್ಕೇಣಿಯಲ್ಲಿ ವಾಸವಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬರ ಮನೆಯ ಗಣಕದಲ್ಲಿ, ಆಕೆ ಕೆಲಸ ಬಿಟ್ಟ ದಿನದಿಂದ ಮುಟ್ಟದಿದ್ದ ಪೂರ್ಣ ಪ್ರತಿಯೊಂದು ಸಿಕ್ಕಿತು. ಆ ಹಳೆಯ ಶಾಖೆಯ ತುದಿಗೆ ಈಗ ಟ್ಯಾಗ್ ಹಾಕಿದ್ದೇವೆ; ಟ್ಯಾಗ್ ತಲುಪುವಷ್ಟನ್ನೂ ಗಿಟ್ ಗುಡಿಸುವುದಿಲ್ಲ. ಪಟ್ಟಿಯನ್ನು ಕೈಯಿಂದ ತುಂಬುವುದನ್ನು ನಿಲ್ಲಿಸಿ, ಪ್ರತಿ ಶನಿವಾರ ಇತಿಹಾಸದಿಂದಲೇ ಹೊಸದಾಗಿ ತೆಗೆಯುತ್ತೇವೆ. ಹಳೆಯ ಪಟ್ಟಿಯ ನಮೂದುಗಳನ್ನು ಆ ಶಾಖೆಯೊಡನೆ ಒಂದೊಂದಾಗಿ ತಾಳೆ ನೋಡುವ ಕೆಲಸ ಐದನೆಯ ಆಶ್ವಾಸದವರೆಗೆ ಬಂದಿದೆ.